ಕಾಸಿಲ್ಲದ ಊರಿಗೆ ನೀರು ಕುಡಿಸಿದ ಎಂಜಿನಿಯರು

ಬೀದಿ ನಲ್ಲಿ ಒಣಗಲಿ, ಮೋರಿ ಕಟ್ಟಿಕೊಳ್ಳಲಿ, ಯಾವ ಊರಿನ ಪುರಸಭೆಯಾದರೂ ಹಾಡುವುದು ಒಂದೇ ರಾಗ: ದುಡ್ಡಿಲ್ಲ. ಈ ರಾಗ ಇವತ್ತಿನದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಇದನ್ನು ನೂರು ವರ್ಷಕ್ಕೂ ಹಿಂದೆ ಸಿಂಧ್‌ನ ಸುಕ್ಕೂರಿನಲ್ಲಿ ಕೇಳಿದ್ದರು.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರಿಗೆ ಕಾಸಿನ ಬೆಲೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಂದೆ ಬೇಗ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡೇ ಸೆಂಟ್ರಲ್ ಕಾಲೇಜು ಮುಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಆಗ ಸಿಂಧ್ ಕೂಡ ಮುಂಬಯಿ ಪ್ರಾಂತ್ಯಕ್ಕೇ ಸೇರಿತ್ತು. ಹೀಗೆ ನೀರಿನ ಕೆಲಸಕ್ಕೆಂದು ಸುಕ್ಕೂರಿಗೆ ಹೋದರು.

ಊರ ಮಗ್ಗುಲಲ್ಲೇ ಸಿಂಧೂ ನದಿ. ನೀರಿಗೆ ಬರವಿಲ್ಲ, ಆದರೆ ಬರೀ ಕೆಸರು. ಶುದ್ಧ ಮಾಡೋಣವೆಂದರೆ ಫಿಲ್ಟರ್ ಕಟ್ಟೆ ಕಟ್ಟುವಷ್ಟು ಹಣ ಮುನಿಸಿಪಾಲಿಟಿಯಲ್ಲಿಲ್ಲ! ಬೇರೆಯವರಾಗಿದ್ದರೆ ಫೈಲು ಕಟ್ಟಿಟ್ಟು ಮನೆಗೆ ಹೋಗುತ್ತಿದ್ದರೇನೋ. ಇವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನಲ್ಲಿ ಸೋಸಿ ಬಂದ ನೀರು ಬಾವಿಯಲ್ಲಿ ತಿಳಿಯಾಯಿತು. ಅಲ್ಲಿಂದ ಸುರಂಗದಲ್ಲಿ ಪಂಪುಮನೆಗೆ, ಪಂಪಿನಿಂದ ಗುಡ್ಡಕ್ಕೆ, ಗುಡ್ಡದಿಂದ ಊರಿಗೆ. 1895ರ ಹೊತ್ತಿಗೆ ಕೆಲಸ ಮುಗಿಯಿತು. ಫಿಲ್ಟರಿನ ಚಾಕರಿಯನ್ನು ಮರಳೇ ಬಿಟ್ಟಿಯಾಗಿ ಮಾಡಿತು.

ಹಾಗಂತ ಅವರದು ಜುಗ್ಗತನವಲ್ಲ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಕೊಚ್ಚಿಹೋದಾಗ ಅಗ್ಗದ ತೇಪೆ ಸಾಲದೆಂದರು. ನದಿಯ ಮೇಲ್ಗಡೆ ದೊಡ್ಡ ಜಲಾಶಯಗಳೇ ಬೇಕೆಂದು ಸಲಹೆ ಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎದ್ದದ್ದು ಹಾಗೆ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಆಮೇಲೂ ಮುಂಬಯಿ ಮುನಿಸಿಪಾಲಿಟಿಯ ಖರ್ಚು ಕಡಿತದ ಸಮಿತಿಗೆ ಅಧ್ಯಕ್ಷರಾಗಿ ಲೆಕ್ಕದ ಪುಸ್ತಕ ಹಿಡಿದು ಕೂತರು. 1955ರಲ್ಲಿ ಭಾರತ ರತ್ನ ಬಂತು. ನೂರು ದಾಟಿದ ಮೇಲೆ, 1962ರಲ್ಲಿ ಕಣ್ಣುಮುಚ್ಚಿದರು.

ಎಲ್ಲಿ ಉಳಿಸಬೇಕು, ಎಲ್ಲಿ ಸುರಿಯಬೇಕು ಅನ್ನುವುದೇ ಅವರ ವಿದ್ಯೆ. ಇಂದು ಪುರಸಭೆಗಳ ಆದಾಯವೆಂದರೆ ಮನೆ ಕಂದಾಯ, ನೀರಿನ ದರ, ಮಳಿಗೆ ಬಾಡಿಗೆ. ಉಳಿದದ್ದಕ್ಕೆ ಸರ್ಕಾರದ ಅನುದಾನದ ದಾರಿ ಕಾಯಬೇಕು. ಆಕ್ಟ್ರಾಯ್ ಅಂತೂ ರಾಜ್ಯದಲ್ಲಿ 1979ರಲ್ಲೇ ರದ್ದಾಯಿತು. ಹೀಗಿರುವಾಗ ಕಂದಾಯ ಬಾಕಿ ಇಟ್ಟುಕೊಂಡು ಮೋರಿ ಬಗ್ಗೆ ದೂರುವುದೂ ತಪ್ಪು, ವರ್ಷವರ್ಷ ಅದೇ ಗುಂಡಿಗೆ ಟಾರು ಸುರಿದು ಬಿಲ್ಲು ಬರೆಯುವುದೂ ತಪ್ಪು. ಪ್ರತಿ ಸೆಪ್ಟೆಂಬರ್ 15ಕ್ಕೆ ಅವರ ಪಟಕ್ಕೆ ಹಾರ ಹಾಕುವವರು ಸುಕ್ಕೂರಿನ ಬಾವಿಯನ್ನೂ ಒಮ್ಮೆ ನೆನೆದರೆ ಒಳ್ಳೆಯದು.