ಮಹಾವೀರಾಚಾರ್ಯರು: ಲೆಕ್ಕ ಕಲಿಸಲೆಂದೇ ಪುಸ್ತಕ ಬರೆದವರು

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಸುತ್ತಲಿನ ಪ್ರೌಢಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಗಣಿತದ ಪ್ರಶಿಕ್ಷಣಾರ್ಥಿಗಳಿಗೆ ಎಸ್‌ಎಸ್‌ಎಲ್‌ಸಿ ಪುನರ್ಮನನ ದೊಡ್ಡ ಸವಾಲು. ಮಕ್ಕಳಿಗೆ ಸೂತ್ರ ಬಾಯಿಪಾಠವಾಗಿರುತ್ತದೆ. ವಾಕ್ಯರೂಪದ ಲೆಕ್ಕ ಬಂದರೆ ಕೈ ನಿಲ್ಲುತ್ತದೆ. ಈ ತೊಡಕಿಗೆ ದಾರಿ ತೋರುವ ಬದುಕು ಕನ್ನಡ ನಾಡಿನ ಮಹಾವೀರಾಚಾರ್ಯರದು.

ಜೈನ ವಿದ್ವಾಂಸರಾದ ಇವರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ (814–878) ಕಾಲದವರು. ಸುಮಾರು 850ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದರು. ಆರ್ಯಭಟ, ಬ್ರಹ್ಮಗುಪ್ತರಲ್ಲಿ ಗಣಿತವು ಖಗೋಳ ಗ್ರಂಥದ ಒಂದು ಭಾಗವಾಗಿತ್ತು. ಇವರು ಗಣಿತಕ್ಕೇ ಪ್ರತ್ಯೇಕ ಗ್ರಂಥ ಬರೆದರು. ವ್ಯಾಪಾರ, ಸಂಗೀತ, ಅಡುಗೆ, ವೈದ್ಯ, ಕಟ್ಟಡ ಎಲ್ಲಕ್ಕೂ ಲೆಕ್ಕ ಬೇಕೆಂದು ಆರಂಭದಲ್ಲೇ ವಿವರಿಸಿದರು.

ಗ್ರಂಥದ ಕ್ರಮವೇ ಒಂದು ಪಾಠಯೋಜನೆ. ಮೊದಲು ಪಾರಿಭಾಷಿಕ ಪದ, ಅಳತೆಗಳು. ನಂತರ ಮೂಲಕ್ರಿಯೆ, ಭಿನ್ನರಾಶಿ. ಆಮೇಲೆ ತ್ರೈರಾಶಿಕ, ಕ್ಷೇತ್ರ, ಅಗೆತ, ನೆರಳಿನ ಲೆಕ್ಕ. ಭಿನ್ನರಾಶಿಗಳನ್ನು ಕೂಡಲು ಲಘುತಮ ಸಾಮಾನ್ಯ ಅಪವರ್ತ್ಯವನ್ನು ‘ನಿರುದ್ಧ’ ಎಂಬ ಹೆಸರಿನಿಂದ ಬಳಸಿದರು. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಕಾರಣಸಹಿತ ಹೇಳಿದರು. ಶೋಧಕ ಋಣವಾದಾಗ ವಾಸ್ತವ ಮೂಲಗಳಿಲ್ಲ ಎಂದು ನಾವು ಇಂದು ಕಲಿಸುವುದಕ್ಕೂ ಇದೇ ಆಧಾರ.

ಅವರ ಒಂದು ಲೆಕ್ಕ ಹೀಗಿದೆ: ಒಂಟೆಗಳ ಹಿಂಡಿನ ಕಾಲುಭಾಗ ಕಾಡಿನಲ್ಲಿದೆ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟಕ್ಕೆ ಹೋಗಿವೆ, ಉಳಿದ 15 ನದಿ ದಡದಲ್ಲಿವೆ. ಹಿಂಡಿನ ಸಂಖ್ಯೆಯನ್ನು ಯ² ಎಂದಿಟ್ಟರೆ 3ಯ² − 8ಯ − 60 = 0. ಶೋಧಕ 784, ಅದರ ವರ್ಗಮೂಲ 28. ಯ = 6 ಅಥವಾ −10/3. ವರ್ಗಮೂಲ ಋಣವಾಗದ್ದರಿಂದ 6 ಮಾತ್ರ ಸಲ್ಲುತ್ತದೆ; ಒಂಟೆಗಳು 36. ತಾಳೆ ನೋಡಿ: 9 + 12 + 15 = 36. ಸೂತ್ರಕ್ಕಿಂತ ಮೊದಲು ಚಿತ್ರ ಬರೆಸಿದರೆ, ಸಮೀಕರಣವನ್ನು ಮಕ್ಕಳೇ ಕಟ್ಟುತ್ತಾರೆ.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.

ಇಷ್ಟು ದೊಡ್ಡ ಆಚಾರ್ಯರೂ ಒಂದೆಡೆ ತಪ್ಪಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಬರೆದರು. ಈ ನಿಯಮವನ್ನು ತರಗತಿಯಲ್ಲಿ ಕೊಟ್ಟು ಪರೀಕ್ಷಿಸಲು ಹೇಳಿ. 7ನ್ನು ಸೊನ್ನೆಯಿಂದ ಭಾಗಿಸಿ 7 ಬಂದರೆ, 7ನ್ನು ಸೊನ್ನೆಯಿಂದ ಗುಣಿಸಿದಾಗ ಮತ್ತೆ 7 ಬರಬೇಕು, ಬರುವುದಿಲ್ಲ. ಬಾಯಿಪಾಠ ಮಾಡಿದವನು ತಪ್ಪನ್ನೂ ಒಪ್ಪಿಕೊಳ್ಳುತ್ತಾನೆ. ತಾಳೆ ನೋಡಲು ಕಲಿತ ವಿದ್ಯಾರ್ಥಿ ಆಚಾರ್ಯರನ್ನೂ ತಿದ್ದಬಲ್ಲ, ಪರೀಕ್ಷೆಯಲ್ಲಿ ತನ್ನನ್ನೂ ತಿದ್ದಿಕೊಳ್ಳಬಲ್ಲ.