ದನ ಸಾಕೋದು ಕಲಿಯಲು ಆಡುಗೋಡಿಗೆ ಬಂದ ಗಾಂಧೀಜಿ

ಗಾಂಧೀಜಿ ಅಂದ ಕೂಡಲೇ ನಮಗೆ ಚರಕ, ಉಪ್ಪಿನ ಸತ್ಯಾಗ್ರಹ, ಕೈಯಲ್ಲಿ ಹಿಡಿದ ಕೋಲು ನೆನಪಾಗುತ್ತವೆ. ಪರೀಕ್ಷೆಯಲ್ಲಿ ಕೇಳೋದೂ ಅದನ್ನೇ. ಆದರೆ ಅವರು ಬಹಳ ವರ್ಷ ತೋಟ, ಹೊಲ, ದನಕರುಗಳ ನಡುವೆ ಬಾಳಿದವರು. ದನ ಸಾಕೋದನ್ನು ಸರಿಯಾಗಿ ಕಲಿಯಬೇಕು ಅಂತ ನಮ್ಮ ಬೆಂಗಳೂರಿನಲ್ಲೇ ವಿದ್ಯಾರ್ಥಿಯೂ ಆಗಿದ್ದರು! ಈ ಸಂಚಿಕೆಗೆ ಅವರ ಜೀವನದ ಆ ಭಾಗವನ್ನೇ ಬರೆದಿದ್ದೇನೆ.

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ತಂದೆ ದಿವಾನರು. ಇಂಗ್ಲೆಂಡಿನಲ್ಲಿ ಓದಿ ಬ್ಯಾರಿಸ್ಟರ್ ಆಗಿ ಬಂದ ಗಾಂಧೀಜಿ 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿ ವಕೀಲಿಕೆ ಚೆನ್ನಾಗಿಯೇ ನಡೆಯುತ್ತಿತ್ತು. ಆದರೂ ಮೈಮುರಿದು ದುಡಿದು ತಿನ್ನಬೇಕು ಅನ್ನೋ ಆಸೆ ಬಂತು. 1904ರಲ್ಲಿ ಡರ್ಬನ್ ಹತ್ತಿರ 100 ಎಕರೆ ಜಮೀನಿನಲ್ಲಿ ಫೀನಿಕ್ಸ್ ಆಶ್ರಮ ಕಟ್ಟಿದರು. 1910ರಲ್ಲಿ ಗೆಳೆಯ ಕಾಲೆನ್‌ಬಾಕ್ ಅವರು ಜೋಹಾನ್ಸ್‌ಬರ್ಗ್ ಹತ್ತಿರ ತಮ್ಮ 1100 ಎಕರೆ ಜಮೀನು ಬಿಟ್ಟುಕೊಟ್ಟರು. ಅದಕ್ಕೆ ಟಾಲ್‌ಸ್ಟಾಯ್ ಫಾರಂ ಅಂತ ಹೆಸರಿಟ್ಟರು. ಅಲ್ಲಿ ಸಾವಿರದಷ್ಟು ಹಣ್ಣಿನ ಮರಗಳಿದ್ದವು. ಹಾವುಗಳೂ ಇದ್ದವು. ಅಹಿಂಸೆ ಅನ್ನೋರು ಹಾವು ಬಂದರೆ ಏನು ಮಾಡಬೇಕು? ಒಂದು ದಿನ ಕಾಲೆನ್‌ಬಾಕ್ ಕೋಣೆಯಲ್ಲೇ ಹಾವು ಸೇರಿಕೊಂಡಿತು. ಓಡಿಸೋಕೂ ಆಗದು, ಹಿಡಿಯೋಕೂ ಆಗದು, ಅಂಥ ಜಾಗ. ಕೊನೆಗೆ ಕೊಲ್ಲಲು ಗಾಂಧೀಜಿ ಒಪ್ಪಬೇಕಾಯಿತು. ಮುಂದೆ ಅದನ್ನು ಮುಚ್ಚಿಡದೆ ಪುಸ್ತಕದಲ್ಲಿ ಬರೆದರು.

ಹಸು ಹೆಚ್ಚು ಹಾಲು ಕೊಡಲಿ ಅಂತ ಕಲ್ಕತ್ತೆಯ ಕೆಲವು ಹಾಲಿನವರು ಅದಕ್ಕೆ ಕೊಡುತ್ತಿದ್ದ ಹಿಂಸೆಯನ್ನು ಓದಿ ಗಾಂಧೀಜಿಗೆ ಬಹಳ ಸಂಕಟವಾಯಿತು. ಹಾಲು ಮನುಷ್ಯನಿಗೆ ಬೇಕಾದ ಆಹಾರವಲ್ಲ ಅನ್ನೋ ಯೋಚನೆಯೂ ಇತ್ತು. 1912ರಲ್ಲಿ ಹಾಲನ್ನೇ ಬಿಟ್ಟುಬಿಟ್ಟರು. 1915ರಲ್ಲಿ ಭಾರತಕ್ಕೆ ಮರಳಿದರು. 1917ರಲ್ಲಿ ಅವರ ಆಶ್ರಮ ಅಹಮದಾಬಾದಿನ ಸಾಬರಮತಿ ನದಿಯ ದಂಡೆಗೆ ಬಂತು. 1918ರಲ್ಲಿ ಆಮಶಂಕೆಯಾಗಿ ಸಾಯುವ ಹಾಗಾದರು. ಹಾಲು ಕುಡಿಯದೆ ಮೈ ಚೇತರಿಸದು ಅಂದರು ವೈದ್ಯರು. ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ ತಾನೇ, ಆಡಿನ ಹಾಲಾದರೆ ಏನಂತೆ ಅಂತ ಕಸ್ತೂರ್‌ಬಾ ದಾರಿ ತೋರಿಸಿದರು. ಗಾಂಧೀಜಿ ಒಪ್ಪಿದರು. ಆದರೆ ಮಾತು ಉಳಿದರೂ ಅದರ ಜೀವ ಹೋಯಿತು ಅನ್ನೋ ಕೊರಗು ಅವರನ್ನು ಬಿಡಲಿಲ್ಲ. ಹೀಗೆ ಅವರ ಬದುಕಿಗೆ ಆಡು ಬಂತು.

ಹಾಗಾದರೆ ಹಸುವಿನ ಹಾಲನ್ನು ಬಿಟ್ಟವರು ಆಶ್ರಮದಲ್ಲಿ ಹಸು ಯಾಕೆ ಸಾಕಿದರು? ಅವರಿಗೆ ಹಸು ಅಂದರೆ ಬರೀ ಹಾಲಲ್ಲ, ಮಾತು ಬಾರದ ಎಲ್ಲ ಪ್ರಾಣಿಗಳ ಪರವಾಗಿ ನಮ್ಮ ಮುಂದೆ ನಿಂತ ಜೀವ. 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿ ಬಂದಾಗ ಅಲ್ಲೇ ನಡೆದ ಗೋರಕ್ಷಾ ಸಮ್ಮೇಳನಕ್ಕೂ ಅವರೇ ಅಧ್ಯಕ್ಷರು. ಆದರೆ ದನದ ಮೇಲೆ ಪ್ರೀತಿ ಇದ್ದರೆ ಸಾಲದು ಅಂತ ಅವರಿಗೆ ತಿಳಿದಿತ್ತು. ಕೊಟ್ಟಿಗೆಯಲ್ಲಿ ಕರು ಹುಟ್ಟುತ್ತಾ ಹೋಗುತ್ತದೆ, ಮೇವು ಅಷ್ಟೇ ಇರುತ್ತದೆ. ಹಸು ಬತ್ತುತ್ತದೆ, ಎತ್ತು ಮುದಿಯಾಗುತ್ತದೆ. ಆಗ ಏನು ಮಾಡೋದು? ದನ ಇರೋ ಮನೆಯವರಿಗೆಲ್ಲ ಈ ಕಷ್ಟ ಗೊತ್ತು.

1927ರ ಮಾರ್ಚಿನಲ್ಲಿ ಪ್ರವಾಸ ಮಾಡುತ್ತಿದ್ದಾಗ ಗಾಂಧೀಜಿಯ ಆರೋಗ್ಯ ಕೆಟ್ಟಿತು. ವಿಶ್ರಾಂತಿಗೆ ಅಂತ ನಂದಿಬೆಟ್ಟಕ್ಕೆ ಬಂದರು. ಜೂನ್‌ನಲ್ಲಿ ಬೆಂಗಳೂರಿಗೆ ಇಳಿದು ಕುಮಾರಕೃಪದಲ್ಲಿ ಉಳಿದರು. ಹೊಸೂರು ರಸ್ತೆಯ ಆಡುಗೋಡಿಯಲ್ಲಿ 1923ರಲ್ಲಿ ಶುರುವಾದ ಸರ್ಕಾರಿ ಪಶುಪಾಲನೆ ಮತ್ತು ಹೈನುಗಾರಿಕೆ ಸಂಸ್ಥೆ ಇತ್ತು. ಜನ ಅದನ್ನು ಇಂಪೀರಿಯಲ್ ಡೇರಿ ಅನ್ನುತ್ತಿದ್ದರು. ಪಕ್ಕದ ಜಯನಗರ ಬಡಾವಣೆ ಆಗಿನ್ನೂ ಹುಟ್ಟಿರಲೇ ಇಲ್ಲ. ಯಾವ ಹಸುವಿಗೆ ಎಷ್ಟು ಮೇವು, ಅದು ಕೊಟ್ಟ ಹಾಲೆಷ್ಟು ಅಂತ ಲೆಕ್ಕ ಇಟ್ಟು ದನ ಸಾಕೋ ಜಾಗ ಅದು. ಗಾಂಧೀಜಿ ಮತ್ತು ಪಂಡಿತ ಮದನ ಮೋಹನ ಮಾಳವೀಯರು ಅಲ್ಲಿಗೆ ಹೋಗಿ, ವಿಲಿಯಂ ಸ್ಮಿತ್ ಎಂಬ ಅಧಿಕಾರಿಯ ಕೈಕೆಳಗೆ ಸುಮಾರು 15 ದಿನ ದನಗಳ ಪಾಲನೆಯ ತರಬೇತಿ ಪಡೆದರು. ಗಾಂಧೀಜಿಗೆ ಆಗ 57 ವರ್ಷ, ಮಾಳವೀಯರಿಗೆ 65! ಹೇಳಿಕೊಡುವವರು ಬ್ರಿಟಿಷ್ ಸರ್ಕಾರದ ಅಧಿಕಾರಿ. ಆ ಸರ್ಕಾರದ ಜೊತೆ ಹೋರಾಡುತ್ತಿದ್ದವರು ಗಾಂಧೀಜಿ. ವಿದ್ಯೆ ಕಲಿಯೋಕೆ ಅದು ಅಡ್ಡ ಬರಲಿಲ್ಲ. ಅಲ್ಲಿನ ಪುಸ್ತಕದಲ್ಲಿ ತಮ್ಮನ್ನು ಮಹಾತ್ಮ ಅಂತಲೋ ಬ್ಯಾರಿಸ್ಟರ್ ಅಂತಲೋ ಬರೆಯದೆ, ಸಾಬರಮತಿಯ ರೈತ ಅಂತ ಬರೆದುಕೊಂಡರು.

ಬರೀ ಕಾನೂನಿನಿಂದಲೋ ಜಗಳದಿಂದಲೋ ಹಸು ಉಳಿಯೋದಿಲ್ಲ ಅನ್ನೋದು ಅವರ ಅಭಿಪ್ರಾಯ. ಗೋಶಾಲೆ ಊರಾಚೆ ಬಯಲಿನಲ್ಲಿರಬೇಕು, ಮೇವು ಅಲ್ಲೇ ಬೆಳೆಯಬೇಕು, ಒಳ್ಳೆ ಹೋರಿ ಇರಬೇಕು, ತಿಳಿದವರು ನೋಡಿಕೊಳ್ಳಬೇಕು. ತಾನಾಗಿ ಸತ್ತ ದನದ ಚರ್ಮವೂ ವ್ಯರ್ಥವಾಗದೆ ಹದ ಮಾಡಬೇಕು. ಹೀಗೆಲ್ಲ ಅವರು ಹೇಳುತ್ತಿದ್ದರು.

ಮಾರನೇ ವರ್ಷ, 1928ರಲ್ಲಿ, ಅವರಿಗೆ ದೊಡ್ಡ ಪರೀಕ್ಷೆಯೇ ಬಂತು. ಸಾಬರಮತಿ ಆಶ್ರಮದ ಒಂದು ಕರು ಊನವಾಗಿ ನೆಲ ಹಿಡಿಯಿತು. ಎಷ್ಟು ಆರೈಕೆ ಮಾಡಿದರೂ ವಾಸಿಯಾಗಲಿಲ್ಲ. ಮಗ್ಗುಲು ಬದಲಿಸೋಕೂ ಆಗದಷ್ಟು ನೋವು. ಬದುಕೋದಿಲ್ಲ ಅಂತ ಪಶುವೈದ್ಯರು ಕೈಚೆಲ್ಲಿದರು. ಕಣ್ಣೆದುರೇ ನರಳುತ್ತಾ ಸಾಯಲಿ ಅಂತ ಬಿಡೋದು ದಯೆಯೋ, ನೋವು ನೀಗಿಸೋದು ದಯೆಯೋ? ಗಾಂಧೀಜಿ ಆಶ್ರಮದವರನ್ನೆಲ್ಲ ಕೂರಿಸಿ ಚರ್ಚೆ ಮಾಡಿದರು. ಜೀವ ಕೊಡಲಾರದ ನಮಗೆ ಜೀವ ತೆಗೆಯೋ ಹಕ್ಕಿಲ್ಲ ಅಂತ ಒಬ್ಬರು ವಾದಿಸಿದರು. ಅದನ್ನೂ ಕೇಳಿಸಿಕೊಂಡರು. ಕೊನೆಗೆ ವೈದ್ಯರನ್ನು ಕರೆಸಿ, ತಾವೂ ಅಲ್ಲೇ ನಿಂತು, ಸೂಜಿಮದ್ದು ಕೊಡಿಸಿದರು. ಎರಡು ನಿಮಿಷದೊಳಗೆ ಕರು ಶಾಂತವಾಯಿತು.

ಇಷ್ಟು ಮಾಡಿ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಅವರೇ ತಮ್ಮ ಪತ್ರಿಕೆಯಲ್ಲಿ ಬರೆದರು. ದೇಶದ ನಾನಾ ಕಡೆಯಿಂದ ಬೈಗುಳದ ಪತ್ರಗಳು ಬಂದವು. ಅವಕ್ಕೂ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಆಶ್ರಮದ ಬೆಳೆ ಹಾಳು ಮಾಡುತ್ತಿದ್ದ ಕೋತಿಗಳ ವಿಚಾರ ಬಂದಾಗ, ಅದಿನ್ನೂ ತಮಗೆ ಬಗೆಹರಿದಿಲ್ಲ ಅಂತಲೂ ಒಪ್ಪಿಕೊಂಡರು. ಕರುವಿನ ವಿಷಯದಲ್ಲಿ ಅವರು ಮಾಡಿದ್ದು ಸರಿಯೋ ತಪ್ಪೋ, ನಮ್ಮ ತರಗತಿಯಲ್ಲಿ ಕೇಳಿದರೂ ಎರಡು ಪಕ್ಷ ಆಗುತ್ತದೆ.

1930ರಲ್ಲಿ ದಂಡಿಗೆ ಹೊರಟವರು ಮತ್ತೆ ಸಾಬರಮತಿಯಲ್ಲಿ ನೆಲೆಸಲಿಲ್ಲ. 1936ರಿಂದ ವಾರ್ಧಾ ಹತ್ತಿರದ ಸೇವಾಗ್ರಾಮ ಅವರ ಊರಾಯಿತು. 1941ರಲ್ಲಿ ಜಮನಾಲಾಲ್ ಬಜಾಜ್ ಅವರು ಗೋಸೇವಾ ಸಂಘದ ಕೆಲಸ ಹೊತ್ತರು. 1948ರ ಜನವರಿ 30ರಂದು ದೆಹಲಿಯಲ್ಲಿ ಗಾಂಧೀಜಿ ಗುಂಡಿಗೆ ಬಲಿಯಾದರು. ಅವರು ಕಲಿತ ಡೇರಿ ಸಂಸ್ಥೆಯ ಮುಖ್ಯ ಕಚೇರಿ 1955ರಲ್ಲಿ ಹರಿಯಾಣದ ಕರ್ನಾಲಿಗೆ ಹೋಯಿತು. ಆಡುಗೋಡಿಯಲ್ಲಿ ಅದರ ದಕ್ಷಿಣ ಕೇಂದ್ರ ಉಳಿದಿದೆ.

ಗೆಳೆಯರೇ, ನಮ್ಮಲ್ಲಿ ಸುಮಾರು ಜನರ ಮನೆಯಲ್ಲಿ ಹಸು, ಎಮ್ಮೆ, ಆಡು, ಕೋಳಿ ಇವೆ. ಸಂಕ್ರಾಂತಿ ದಿನ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚಿದರೆ ಮುಗಿಯಲಿಲ್ಲ. ಮೇವಿನ ಲೆಕ್ಕ, ಕಾಯಿಲೆ, ಮುಪ್ಪು ಎಲ್ಲಾ ನಮ್ಮದೇ. ಗೊತ್ತಿಲ್ಲದ್ದನ್ನು ಗೊತ್ತಿರೋರ ಹತ್ತಿರ ಹೋಗಿ ಕೇಳಬೇಕು. ಅಷ್ಟು ದೊಡ್ಡವರೇ ಆಡುಗೋಡಿಗೆ ಹೋಗಿ ಕಲಿತರು. ನಾವು ನಮ್ಮ ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳೋಕೆ ನಾಚಿಕೆ ಯಾಕೆ?