ಲೀವೈ ಸ್ಟ್ರಾಸ್: ಹಳೆಯ ಪ್ಯಾಂಟುಗಳಲ್ಲಿ ಉಳಿದ ಚರಿತ್ರೆ

2022ರ ಅಕ್ಟೋಬರ್ ತಿಂಗಳಿನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ನಡೆದ ಹರಾಜೊಂದರಲ್ಲಿ ಒಂದು ಹಳೆಯ ಪ್ಯಾಂಟು ಮಾರಾಟವಾಯಿತು. ಅದು ಯಾವ ಅರಸನ ಉಡುಪೂ ಅಲ್ಲ, ಸೇನಾಪತಿಯ ಉಡುಪೂ ಅಲ್ಲ. ಪಾಳುಬಿದ್ದ ಗಣಿಯೊಂದರೊಳಗೆ ಸಿಕ್ಕಿದ, 1880ರ ದಶಕದ ಯಾರೋ ಒಬ್ಬ ಕೆಲಸಗಾರನ ನೀಲಿ ಪ್ಯಾಂಟು. ಬಣ್ಣ ಮಾಸಿದ ಆ ಬಟ್ಟೆಯ ಮೇಲೆ ಮೇಣದ ಬತ್ತಿಯ ಕಲೆಗಳೂ ಇದ್ದವು. ಅದಕ್ಕೆ ಬಂದ ಬೆಲೆ ಹರಾಜಿನ ಶುಲ್ಕ ಸೇರಿ 87,400 ಡಾಲರು; ಅಂದರೆ ಆಗಿನ ಲೆಕ್ಕದಲ್ಲಿ 70 ಲಕ್ಷ ರೂಪಾಯಿಗಿಂತಲೂ ಹೆಚ್ಚು! ಆ ಪ್ಯಾಂಟನ್ನು ತಯಾರಿಸಿದ ಸಂಸ್ಥೆಯ ಹೆಸರು ಇಂದು ಜಗತ್ತಿಗೆಲ್ಲ ಗೊತ್ತು. ಆದರೆ ಆ ಹೆಸರನ್ನು ಹೊತ್ತಿದ್ದ ಮನುಷ್ಯ ಯಾರು, ಆತ ಹೇಗೆ ಬದುಕಿದ ಎಂಬುದು ಜೀನ್ಸ್ ತೊಡುವವರಲ್ಲಿ ಬಹುಮಂದಿಗೆ ತಿಳಿಯದು.

ಲೀವೈ ಸ್ಟ್ರಾಸ್ ಹುಟ್ಟಿದ್ದು 1829ನೇ ಇಸವಿ ಫೆಬ್ರವರಿ 26ರಂದು, ಜರ್ಮನಿಯ ಬವೇರಿಯಾ ಸೀಮೆಯ ಬುಟನ್‌ಹೈಮ್ ಎಂಬ ಹಳ್ಳಿಯಲ್ಲಿ. ಹುಟ್ಟಿದಾಗ ಇಟ್ಟ ಹೆಸರು ಲೋಬ್. ತಂದೆ ಹಿರ್ಷ್ ಸ್ಟ್ರಾಸ್ ಊರೂರು ಅಲೆದು ಸಾಮಾನು ಮಾರುವ ಬಡ ವ್ಯಾಪಾರಿ. ಕುಟುಂಬ ಯಹೂದಿ ಮತದ್ದು. ಆ ಕಾಲದ ಬವೇರಿಯಾದಲ್ಲಿ ಯಹೂದಿಗಳ ಬಾಳು ಸುಲಭದ್ದಾಗಿರಲಿಲ್ಲ. ಒಂದು ಊರಿನಲ್ಲಿ ಇಷ್ಟೇ ಯಹೂದಿ ಮನೆತನಗಳು ಇರಬೇಕೆಂದು ಸರಕಾರ ಲೆಕ್ಕ ಕಟ್ಟಿತ್ತು. ಪಟ್ಟಿಯಲ್ಲಿ ಸ್ಥಾನ ಸಿಗದೆ ತರುಣರು ಮದುವೆಯಾಗಿ ಮನೆ ಹೂಡುವಂತಿರಲಿಲ್ಲ. ಕಸುಬಿನ ಮೇಲೂ ನಿರ್ಬಂಧಗಳಿದ್ದವು.

1846ರಲ್ಲಿ ತಂದೆ ಕ್ಷಯರೋಗದಿಂದ ತೀರಿಕೊಂಡ. ಮರುವರ್ಷವೇ ತಾಯಿ ರೆಬೆಕ್ಕಾ, ಹದಿನೆಂಟರ ಮಗನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಅಮೆರಿಕಕ್ಕೆ ಹಡಗು ಹತ್ತಿದಳು. ಹಿರ್ಷನ ಮೊದಲ ಹೆಂಡತಿಯ ಮಕ್ಕಳಾದ ಜೋನಾಸ್ ಮತ್ತು ಲೂಯಿ ಅದಾಗಲೇ ನ್ಯೂಯಾರ್ಕಿನಲ್ಲಿ ಜವಳಿ ವ್ಯಾಪಾರ ಹೂಡಿದ್ದರು. ಲೋಬ್ ಅಲ್ಲಿ ವ್ಯಾಪಾರದ ಒಳಹೊರಗುಗಳನ್ನು ಕಲಿತ. ಹೆಸರು ಲೀವೈ ಎಂದಾಯಿತು. 1853ರ ಜನವರಿಯಲ್ಲಿ ಅಮೆರಿಕದ ಪ್ರಜೆಯಾದ.

ಕ್ಯಾಲಿಫೋರ್ನಿಯಾದಲ್ಲಿ 1848ರಲ್ಲಿ ಚಿನ್ನ ಸಿಕ್ಕಿದ ಸುದ್ದಿ ಆಗ ಜಗತ್ತಿನ ಮೂಲೆಮೂಲೆಯಿಂದ ಜನರನ್ನು ಎಳೆಯುತ್ತಿತ್ತು. ಲೀವೈಯೂ ಪನಾಮದ ಭೂಕಂಠವನ್ನು ದಾಟಿ 1853ರ ಮಾರ್ಚಿನಲ್ಲಿ ಸಾನ್‌ಫ್ರಾನ್ಸಿಸ್ಕೋ ಸೇರಿದ. ಆದರೆ ಆತ ಹೋದದ್ದು ಚಿನ್ನ ಅಗೆಯಲಿಕ್ಕಲ್ಲ, ಅಗೆಯುವವರಿಗೆ ಬೇಕಾದುದನ್ನು ಒದಗಿಸಲಿಕ್ಕೆ. ನ್ಯೂಯಾರ್ಕಿನ ಅಣ್ಣಂದಿರು ಹಡಗಿನಲ್ಲಿ ಕಳುಹಿಸಿದ ಬಟ್ಟೆ, ಕಂಬಳಿ, ಕರವಸ್ತ್ರ, ಒಳಉಡುಪುಗಳನ್ನು ಪಶ್ಚಿಮದ ಊರುಗಳ ಸಣ್ಣ ಅಂಗಡಿಗಳಿಗೆ ಸಗಟಾಗಿ ಮಾರತೊಡಗಿದ. ಅಕ್ಕ ಫ್ಯಾನಿಯ ಗಂಡ ಡೇವಿಡ್ ಸ್ಟರ್ನ್ ಜತೆಗೂಡಿದ. 1866ರಲ್ಲಿ ಬ್ಯಾಟರಿ ಬೀದಿಯ ದೊಡ್ಡ ಕಟ್ಟಡಕ್ಕೆ ಮಳಿಗೆಯನ್ನು ಸಾಗಿಸುವ ಹೊತ್ತಿಗೆ ಸ್ಟ್ರಾಸ್ ಊರಿನ ಗಣ್ಯ ವರ್ತಕರಲ್ಲಿ ಒಬ್ಬನಾಗಿದ್ದ.

ಇಲ್ಲಿ ಒಂದು ಕಟ್ಟುಕತೆಯನ್ನು ಬದಿಗಿಡಬೇಕು. ಗುಡಾರದ ಬಟ್ಟೆ ಮಾರಲು ಹೋದ ಸ್ಟ್ರಾಸ್, ಗಣಿಗಾರನೊಬ್ಬನ ಮಾತು ಕೇಳಿ ಅದರಿಂದಲೇ ಪ್ಯಾಂಟು ಹೊಲಿಸಿದ, ಅಲ್ಲಿಗೆ ಜೀನ್ಸ್ ಹುಟ್ಟಿತು ಎಂಬ ಕತೆ ಬಹಳ ಕಾಲದಿಂದ ಹರಿದಾಡುತ್ತಿದೆ. ಇದು ನಿಜವಲ್ಲ. ಆತ ಸಾನ್‌ಫ್ರಾನ್ಸಿಸ್ಕೋಗೆ ಬಂದು ಹತ್ತೊಂಬತ್ತು ವರ್ಷ ಕಳೆದ ಮೇಲೆ ಜೀನ್ಸಿನ ಯೋಚನೆ ಅವನ ಬಾಗಿಲಿಗೆ ಬಂತು. ಅದೂ ಇನ್ನೊಬ್ಬನ ಕಾಗದದ ರೂಪದಲ್ಲಿ.

ಆ ಇನ್ನೊಬ್ಬನೇ ಜೇಕಬ್ ಡೇವಿಸ್. 1831ರಲ್ಲಿ ರೀಗಾ ಪಟ್ಟಣದಲ್ಲಿ ಹುಟ್ಟಿದ ಈತನೂ ಯಹೂದಿ, ಈತನೂ ವಲಸೆಗಾರ. ನೆವಾಡಾ ರಾಜ್ಯದ ರೀನೋ ಊರಿನಲ್ಲಿ ದರ್ಜಿಯ ಕೆಲಸ ಮಾಡುತ್ತಿದ್ದ. ಬಟ್ಟೆಯನ್ನು ಸ್ಟ್ರಾಸ್ ಮಳಿಗೆಯಿಂದ ತರಿಸುತ್ತಿದ್ದ. ಒಮ್ಮೆ ಮರ ಕಡಿಯುವವನೊಬ್ಬನ ಹೆಂಡತಿ ಬಂದು, ಎಷ್ಟು ಹೊಲಿಸಿದರೂ ಗಂಡನ ಪ್ಯಾಂಟು ಹರಿಯುತ್ತದೆ, ಗಟ್ಟಿಯಾದ ಒಂದನ್ನು ಮಾಡಿಕೊಡಬೇಕೆಂದು ಕೇಳಿಕೊಂಡಳು. ಮುಂಗಡವಾಗಿ 3 ಡಾಲರು ಕೊಟ್ಟಳು. ಡೇವಿಸನ ಅಂಗಡಿಯಲ್ಲಿ ಕುದುರೆಯ ಕಂಬಳಿಗೆ ಪಟ್ಟಿ ಕೂರಿಸುವ ತಾಮ್ರದ ರಿವೆಟ್‌ಗಳು ಬಿದ್ದಿದ್ದವು. ಕಿಸೆಯ ಮೂಲೆಗಳು ಹರಿಯುವ ಜಾಗದಲ್ಲಿ ಅವನ್ನು ಬಡಿದು ಕೂರಿಸಿದ. ಪ್ಯಾಂಟು ಹರಿಯಲಿಲ್ಲ. ಸುದ್ದಿ ಹಬ್ಬಿ ಕೆಲಸಗಾರರು ಸಾಲುಗಟ್ಟಿ ಬಂದರು.

ಈ ಉಪಾಯವನ್ನು ಬೇರೆಯವರು ಕದಿಯಬಹುದೆಂಬ ಭಯ ಡೇವಿಸನಿಗಿತ್ತು. ಪೇಟೆಂಟಿನ ಶುಲ್ಕ 68 ಡಾಲರು; ಅಷ್ಟು ಹಣ ಹೂಡುವ ಸ್ಥಿತಿಯಲ್ಲಿ ಆತ ಇರಲಿಲ್ಲ. ಇಂಗ್ಲಿಷಿನಲ್ಲಿ ಬರೆಯುವುದೂ ಕಷ್ಟವಾದ್ದರಿಂದ ಊರಿನ ಔಷಧದಂಗಡಿಯವನಿಂದ ಕಾಗದ ಬರೆಸಿ, 1872ರಲ್ಲಿ ಸ್ಟ್ರಾಸನಿಗೆ ಕಳುಹಿಸಿದ. ಶುಲ್ಕ ನೀವು ಕೊಡಿ, ಹಕ್ಕನ್ನು ಇಬ್ಬರೂ ಹಂಚಿಕೊಳ್ಳೋಣ ಎಂಬುದು ಅದರ ತಾತ್ಪರ್ಯ. ವರ್ತಕನಾದ ಸ್ಟ್ರಾಸ್ ಮಾತಿನ ಬೆಲೆಯನ್ನು ಕೂಡಲೇ ಗ್ರಹಿಸಿದ. 1873ರ ಮೇ 20ರಂದು 1,39,121ನೇ ಸಂಖ್ಯೆಯ ಪೇಟೆಂಟ್ ದೊರೆಯಿತು. ಡೇವಿಸ್ ಸಾನ್‌ಫ್ರಾನ್ಸಿಸ್ಕೋಗೆ ಬಂದು ತಯಾರಿಕೆಯ ಮೇಲ್ವಿಚಾರಣೆ ವಹಿಸಿದ. ಬಟ್ಟೆ ನ್ಯೂ ಹ್ಯಾಂಪ್‌ಶೈರಿನ ಆಮೊಸ್ಕೆಗ್ ಗಿರಣಿಯದು.

1886ರಲ್ಲಿ, ಎರಡು ಕುದುರೆಗಳು ಪ್ಯಾಂಟನ್ನು ಎರಡು ಕಡೆಗೆ ಎಳೆಯುವ ಚಿತ್ರವಿದ್ದ ತೊಗಲಿನ ಚೀಟಿ ಸೊಂಟದ ಹಿಂಭಾಗಕ್ಕೆ ಬಂತು. ಇಂಗ್ಲಿಷ್ ಓದಲಾರದ ಗಿರಾಕಿಯೂ ಚಿತ್ರ ತೋರಿಸಿ ಕೇಳಬಹುದಿತ್ತು. 1890ರಲ್ಲಿ ಪೇಟೆಂಟಿನ ಅವಧಿ ಮುಗಿದು, ರಿವೆಟ್ ಎಲ್ಲರ ಸ್ವತ್ತಾಯಿತು. ಪ್ರಸಿದ್ಧವಾದ 501 ಎಂಬ ಸಂಖ್ಯೆ ಬಳಕೆಗೆ ಬಂದದ್ದೂ ಆ ವರ್ಷದಲ್ಲಿಯೇ.

ಸ್ಟ್ರಾಸ್ ಮದುವೆಯಾಗಲಿಲ್ಲ. ಅಕ್ಕನ ಸಂಸಾರದೊಂದಿಗೇ ಬಾಳಿದ. ಕೋಟ್ಯಧಿಪತಿಯಾದರೂ ನೌಕರರು ತನ್ನನ್ನು ಬರಿಯ ಹೆಸರಿನಿಂದಲೇ ಕರೆಯಬೇಕೆಂಬುದು ಅವನ ಇಷ್ಟ. ಅನಾಥಾಲಯಗಳಿಗೆ ದಾನ ಕೊಟ್ಟ. 1897ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 28 ವಿದ್ಯಾರ್ಥಿವೇತನಗಳಿಗೆ ಹಣ ಒದಗಿಸಿದ. 1902ರ ಸೆಪ್ಟೆಂಬರ್ 26ರಂದು, 73ರ ವಯಸ್ಸಿನಲ್ಲಿ ಕಣ್ಣು ಮುಚ್ಚಿದ. ವ್ಯಾಪಾರ ಅಕ್ಕನ ನಾಲ್ವರು ಗಂಡುಮಕ್ಕಳ ಪಾಲಾಯಿತು. ಡೇವಿಸ್ 1908ರಲ್ಲಿ ತೀರಿಕೊಂಡ.

1906ರ ಏಪ್ರಿಲ್ 18ರಂದು ಸಾನ್‌ಫ್ರಾನ್ಸಿಸ್ಕೋ ನಗರವನ್ನು ನಡುಗಿಸಿದ ಭೂಕಂಪ ಮತ್ತು ಅದರ ಬೆನ್ನಿಗೆ ಎದ್ದ ಬೆಂಕಿಯಲ್ಲಿ ಬ್ಯಾಟರಿ ಬೀದಿಯ ಕಟ್ಟಡ ನಾಶವಾಯಿತು. ಲೆಕ್ಕದ ಪುಸ್ತಕ, ಕಾಗದಪತ್ರ, ಮಾದರಿ ಉಡುಪು ಎಲ್ಲವೂ ಬೂದಿಯಾದವು. ಗುಡಾರದ ಕತೆಯಂಥವು ಬೆಳೆಯಲು ಇದೂ ಒಂದು ಕಾರಣ. ಹಾಗಾಗಿ ಗಣಿಗಳಲ್ಲಿ, ಹಳೆಯ ಕೊಟ್ಟಿಗೆಗಳಲ್ಲಿ ಉಳಿದ ಪ್ಯಾಂಟುಗಳೇ ಈಗ ದಾಖಲೆಗಳು. 2001ರಲ್ಲಿ ನೆವಾಡಾದ ಗಣಿಪಟ್ಟಣವೊಂದರಲ್ಲಿ ಸಿಕ್ಕಿದ 1880ರ ದಶಕದ ಪ್ಯಾಂಟನ್ನು ಸ್ವತಃ ಆ ಸಂಸ್ಥೆಯೇ 46,532 ಡಾಲರು ಕೊಟ್ಟು ಹರಾಜಿನಲ್ಲಿ ಕೊಂಡಿತು. ತಾನು ಮಾರಿದ್ದನ್ನು ತಾನೇ ಸಾವಿರಾರು ಪಟ್ಟು ಬೆಲೆಗೆ ಕೊಳ್ಳಬೇಕಾಯಿತೆಂದರೆ ಸಣ್ಣ ಮಾತಲ್ಲ.

ಹಳೆಯ ಜೀನ್ಸ್ ಸಂಗ್ರಹಿಸುವವರು ಈ ದಾಖಲೆಗಳನ್ನು ಓದುವ ಕ್ರಮ ಸ್ವಾರಸ್ಯವಾಗಿದೆ. ಹಿಂದೆ ಒಂದೇ ಕಿಸೆಯಿದ್ದರೆ ಅದು 1901ಕ್ಕಿಂತ ಹಿಂದಿನದು. ಬೆಲ್ಟು ತೂರಿಸುವ ಪಟ್ಟಿಗಳು 1922ರಲ್ಲಿ, ಕಿಸೆಯ ಅಂಚಿನ ಕೆಂಪು ಪಟ್ಟಿ 1936ರಲ್ಲಿ ಬಂದವು. ಆ ಪಟ್ಟಿಯಲ್ಲಿ ಇಂಗ್ಲಿಷಿನ ಇ ಅಕ್ಷರ ದೊಡ್ಡದಾಗಿದ್ದರೆ 1971ಕ್ಕಿಂತ ಮೊದಲಿನದು. ಎರಡನೇ ಮಹಾಯುದ್ಧದ ಕಾಲದಲ್ಲಿ ನೂಲು ಉಳಿಸಲು ಹಿಂದಿನ ಕಿಸೆಯ ಕಮಾನಿನ ಹೊಲಿಗೆಯನ್ನು ಬಿಟ್ಟು, ಬಣ್ಣದಿಂದ ಬರೆಯುತ್ತಿದ್ದರು. ಇಂಥ ಗುರುತುಗಳನ್ನು ಬಲ್ಲವರು ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಪ್ರತಿ ತಿಂಗಳ ಎರಡನೆಯ ಭಾನುವಾರ ಸೇರುವ ರೋಸ್‌ಬೌಲ್ ಸಂತೆಯಲ್ಲಿ, ಟೋಕಿಯೋದ ಹರಾಜುಕು ಬೀದಿಯ ಅಂಗಡಿಗಳಲ್ಲಿ ಹುಡುಕುತ್ತಾರೆ. ಹಳೆಯದು ಕೈಗೆಟುಕದವರಿಗೆ ಹಳೆಯದರಂತೆಯೇ ಹೊಸತಾಗಿ ತಯಾರಾದ ಪ್ಯಾಂಟುಗಳಿವೆ. ಅವುಗಳಿಗೆ ಜಪಾನ್ ಹೆಸರುವಾಸಿ. ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಕೊಜಿಮಾ ಊರು ಈಗ ಜೀನ್ಸಿನ ಊರಾಗಿದೆ. ಲಾಳಿ ಓಡುವ ಹಳೆಯ ಮಗ್ಗಗಳಲ್ಲಿ ಕಿರಿದಾದ ಅಗಲಕ್ಕೆ, ಎರಡೂ ಕಡೆ ಗಟ್ಟಿ ಅಂಚು ಬರುವಂತೆ ಅಲ್ಲಿ ಬಟ್ಟೆ ನೇಯುತ್ತಾರೆ. ಅಮೆರಿಕದಲ್ಲಿ ಅದೇ ಬಗೆಯ ಬಟ್ಟೆ ನೇಯುತ್ತಿದ್ದ ಗ್ರೀನ್ಸ್‌ಬರೋದ ವೈಟ್ ಓಕ್ ಗಿರಣಿ 2017ರ ಕೊನೆಗೆ ಮುಚ್ಚಿತು.

ಆದರೆ ಈ ಪ್ಯಾಂಟುಗಳು ಹೇಳುವುದೆಲ್ಲ ಹೆಮ್ಮೆಯ ಮಾತಲ್ಲ. 2022ರಲ್ಲಿ ಹರಾಜಾದ ಪ್ಯಾಂಟಿನ ಕಿಸೆಯ ಒಳಗೆ, ಇದನ್ನು ಬಿಳಿಯ ಕೆಲಸಗಾರರೇ ತಯಾರಿಸಿದ್ದು ಎಂಬರ್ಥದ ಮಾತು ಅಚ್ಚಾಗಿದೆ. ಚೀನೀ ಕೂಲಿಗಾರರ ವಿರುದ್ಧ ಆಗ ಕ್ಯಾಲಿಫೋರ್ನಿಯಾದಲ್ಲಿ ದ್ವೇಷ ಕುದಿಯುತ್ತಿತ್ತು. 1882ರಲ್ಲಿ ಅವರ ವಲಸೆಯನ್ನು ತಡೆಯುವ ಕಾಯಿದೆಯೂ ಬಂತು. ಗಿರಾಕಿಗಳನ್ನು ಒಲಿಸಿಕೊಳ್ಳಲು ಸ್ಟ್ರಾಸ್ ಸಂಸ್ಥೆಯೂ ಆ ಗಾಳಿಗೆ ತೂರಿಕೊಂಡಿತು. 1890ರ ದಶಕದಲ್ಲಿ ಅದನ್ನು ಕೈಬಿಟ್ಟರೆನ್ನುವುದು ನಿಜ. ಆದರೂ, ಹುಟ್ಟಿನ ಕಾರಣಕ್ಕೆ ಸ್ವಂತ ಊರಿನಲ್ಲಿ ನೆಲೆಯಿಲ್ಲದೆ ಕಡಲು ದಾಟಿದವನ ಮಳಿಗೆಯಿಂದಲೇ ಇಂಥ ಸರಕು ಹೊರಟಿತೆಂಬುದು ಮರೆಯತಕ್ಕ ವಿಷಯವಲ್ಲ. ದೊಡ್ಡವರ ಜೀವನವನ್ನು ಮಕ್ಕಳಿಗೆ ಹೇಳುವಾಗ ನಾವು ಉಪಾಧ್ಯಾಯರು ದಾನಧರ್ಮವನ್ನಷ್ಟೇ ಹೇಳಿ ಮುಂದೆ ಸಾಗುವುದುಂಟು. ಹಾಗೆ ಮಾಡಿದರೆ ಪಾಠ ಅರ್ಧವಾಗುತ್ತದೆ.

ಬುಟನ್‌ಹೈಮಿನಲ್ಲಿ ಸ್ಟ್ರಾಸ್ ಹುಟ್ಟಿದ ಮನೆ 2000ದಲ್ಲಿ ವಸ್ತುಸಂಗ್ರಹಾಲಯವಾಯಿತು. ಒಂದು ಕಾಲಕ್ಕೆ ತಲೆ ಎಣಿಸಿ ಇಟ್ಟಿದ್ದ ಊರೇ ಈಗ ಅವನ ಹೆಸರನ್ನು ಎತ್ತಿ ಹಿಡಿದಿದೆ. ಆತ ಸಮರ್ಥ ವರ್ತಕ, ಉದಾರಿ, ಇನ್ನೊಬ್ಬನ ಬುದ್ಧಿಗೆ ಪಾಲು ಕೊಟ್ಟವನು, ಇದು ಸತ್ಯ. ಪ್ಯಾಂಟಿನ ಹೊರಗೆ ಕಾಣುವುದು ಸ್ಟ್ರಾಸನ ಹೆಸರು. ರಿವೆಟ್ ಬಡಿದ ಕೈ ದರ್ಜಿ ಡೇವಿಸನದು. ಕಿಸೆಯೊಳಗೆ ಉಳಿದಿರುವುದು ಕೆಲಸದಿಂದ ಹೊರಗಿಟ್ಟ ಚೀನೀಯರ ಸಂಗತಿ. ಸಂಗ್ರಹಕಾರರು ಕೊಳ್ಳುವ ಮೊದಲು ಕಿಸೆಯನ್ನು ತಿರುವಿ ನೋಡುತ್ತಾರಂತೆ. ಚರಿತ್ರೆ ಓದುವವರಿಗೂ ಆ ಅಭ್ಯಾಸ ಒಳ್ಳೆಯದು.